ಹೆಂಗಸರಿಗಾಗಿ ಹಗಲು ಆಟ

ಭಾನುವಾರ, ಭಾವ. ಶನಿವಾರ ಅಲ್ಲ. ಶನಿವಾರ ಅಂತ ನಿಮಗೆ ಯಾರಾದರೂ ಹೇಳಿದ್ದರೆ ಅದು ತಪ್ಪು. ಶನಿವಾರ ಬೆಳಗಿನ ಸ್ಕೂಲು, ಹನ್ನೊಂದೂವರೆಗೆ ಮನೆಗೆ ಬಂದೆ, ಏನೂ ಆಗಲಿಲ್ಲ. ಆದದ್ದು ಭಾನುವಾರ. ಫೆಬ್ರವರಿ ಹದಿಮೂರು.

ಎಂದಿನ ಹಾಗೇ ಇತ್ತು ಅವತ್ತು. ಗಂಗಾಂಬಿಕೆ ಅಂಗಳ ಸಾರಿಸಿ ರಂಗೋಲಿ ಎಳೆದಳು. ನಾನು ಪೂಜೆ ಮುಗಿಸಿ ಮೂರನೇ ತರಗತಿಯ ಕಾಪಿ ಪುಸ್ತಕ ತಿದ್ದುತ್ತಾ ಕೂತೆ. ನಲವತ್ತೊಂದು ಪುಸ್ತಕ. ಮಧ್ಯಾಹ್ನಕ್ಕೆ ಮುದ್ದೆ, ಅವರೆಕಾಳಿನ ಸಾರು. ಕಡೇ ಅವರೆ ಭಾವ, ಸೊಗಡು ಹೋಗಿತ್ತು, ಆದರೂ ಚೆನ್ನಾಗಿತ್ತು. ಉಂಡ ಮೇಲೆ ನನ್ನ ಅಂಗಿಗೆ ಗುಂಡಿ ಹಾಕಿಕೊಟ್ಟಳು. ದಾರ ಕಚ್ಚಿ ಕತ್ತರಿಸುತ್ತಾ ಅಂದಳು, "ಸೋಮಕ್ಕ ಕರೀತಾವ್ರೆ." ಅಷ್ಟೇ. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಪಕ್ಕದ ಮನೆಯ ಸೋಮಮ್ಮ ಎಲ್ಲಿಗೆ ಕರೀತಾರೆ? ಬಾವಿಗೆ... ಗುಡಿಗೆ... ಹದಿನೈದು ತಿಂಗಳಿಂದ ಅವಳು ಹೊಸಲು ದಾಟಿದ್ದು ನೀರಿಗೆ ಮಾತ್ರ. ಹೋಗಿ ಬರಲಿ ಅಂತ ಹೂಂ ಅಂದೆ. ಅಂಗಿ ತೊಟ್ಟುಕೊಂಡು ನಾಟಕದ ಟೆಂಟಿಗೆ ಹೋದೆ.

ಹಗ್ಗ ಹೊಸೀರಿ ಭಾವ, ನಿಲ್ಲಿಸಬೇಡಿ. ನಿಮ್ಮ ಕೈಗೆ ಕೆಲಸ ಇದ್ದರೆ ನನಗೆ ಮಾತಾಡೋದು ಸುಲಭ.

ಗೊತ್ತು. ನೀವು ಕೇಳಿದ್ದು ಇದಲ್ಲ ಅಂತ ಗೊತ್ತು. ಅವಳು ಹೇಳಿಕಳಿಸಿದ್ದು ನನಗೆ ತಲುಪಿದೆ. "ಆ ಮಾತು ನಾಟಕದವರ ಬಾಯಿಗೆ ಎಂಗ್ ಓಯ್ತು ಅಂತ ಒಂದ್ ಕಿತ ಯೋಳ್ಬುಡ್ಲಿ, ನಾನು ಬತ್ತೀನಿ." ಇಷ್ಟೇ ಅಲ್ವಾ? ಒಂದಕ್ಷರ ಹೆಚ್ಚು ಕಮ್ಮಿ ಇದ್ದರೆ ಹೇಳಿ. ನಾಲ್ಕು ತಿಂಗಳಿಂದ ತಂಗಿಯನ್ನ ನಿಮ್ಮ ಮನೇಲಿ ಇಟ್ಟುಕೊಂಡಿದ್ದೀರಿ, ಒಂದು ದಿನವೂ ನನ್ನನ್ನ ಒಂದು ಮಾತು ಅನ್ನಲಿಲ್ಲ. ಅದಕ್ಕೇ ಬಂದೆ. ಗುಂಡ್ಲುಪೇಟೆಯಿಂದ ಏಳೂವರೆ ಬಸ್ಸು, ಚಾಮರಾಜನಗರದಲ್ಲಿ ಇಳಿದು, ಅಲ್ಲಿಂದ ಚಂದಕವಾಡಿಗೆ ನಡೆದೇ ಬಂದೆ. ಹೇಳಬೇಕಾದ್ದನ್ನ ದಾರಿಯಲ್ಲಿ ಜೋಡಿಸಿಕೊಳ್ಳೋಣ ಅಂತ. ಅವಳು ಒಳಗಿದ್ದಾಳಾ? ಹೊಲಕ್ಕೆ ಹೋಗಿದ್ದಾಳಾ?

ಇರಲಿ. ಎಲ್ಲೇ ಇರಲಿ. ಸಾಯಂಕಾಲ ನಾಲ್ಕಕ್ಕೆ ಚಾಮರಾಜನಗರದಿಂದ ಬಸ್ಸಿದೆ. ಇಬ್ಬರಿಗೂ ಜಾಗ ಹಿಡಿದಿಡೋಕೆ ಹೇಳಿ ಬಂದಿದ್ದೀನಿ.

ಮೊದಲಿಂದ ಹೇಳ್ತೀನಿ. ಇಲ್ಲದಿದ್ದರೆ ಅರ್ಥ ಆಗಲ್ಲ.

ಜನವರಿ ಮೊದಲನೇ ವಾರ ದೊಡ್ಡಮಲ್ಲಪ್ಪ ಸ್ಕೂಲಿಗೆ ಬಂದರು. ನಾಟಕದ ಕಂಪನಿ ಮಾಲೀಕರು. ದೊಡ್ಡ ಮೀಸೆ, ಸಣ್ಣ ಧ್ವನಿ. ಸಂತೆ ಮಾಳದಲ್ಲಿ ಟೆಂಟು ಹಾಕಿದ್ದರು. ಕೈಯಲ್ಲಿ ಒಂದು ಹಳೇ ಕರಪತ್ರ. "ಮೇಷ್ಟ್ರೇ, ನಿಮ್ಮ ಕನ್ನಡ ಚಂದ ಅಂತಾರೆ, ಇದೊಂಚೂರು ನೋಡಿಕೊಡಿ" ಅಂದರು. ನೋಡಿದೆ. ಒಂದು ಪುಟದಲ್ಲಿ ಹದಿನಾಲ್ಕು ತಪ್ಪು. ಕೆಂಪು ಶಾಯಿಯಲ್ಲಿ ತಿದ್ದಿ ಕೊಟ್ಟೆ. ಅವರು ಅದನ್ನು ನೋಡಿ ನಕ್ಕರು. "ತಪ್ಪು ತಿದ್ದಿದರೆ ಜನ ಬರಾಕಿಲ್ಲ ಮೇಷ್ಟ್ರೇ. ಜನ ಬರೋ ಹಂಗೆ ತಿದ್ದಿ."

ಅದು ನನಗೆ ಒಂಥರಾ... ಮಕ್ಕಳಿಗೆ ಹೇಳ್ತೀವಲ್ಲ, ಈ ವಾಕ್ಯ ಸರಿಯಾಗಿದೆ, ಆದರೆ ಜೀವ ಇಲ್ಲ ಅಂತ. ನನಗೇ ಯಾರೋ ಹಾಗೆ ಹೇಳಿದ ಹಾಗಾಯ್ತು. ಮನೆಗೆ ತಂದು ಕೂತು ಬರೆದೆ.

"ಬನ್ನಿರಿ! ನೋಡಿರಿ! ಚಾಮರಾಜನಗರದಲ್ಲಿ ಆರು ವಾರ ಜಯಭೇರಿ ಹೊಡೆದು, ಗುಂಡ್ಲುಪೇಟೆಯ ಮಹಾಜನರ ಒತ್ತಾಯದ ಮೇರೆಗೆ ದಯಮಾಡಿಸಿರುವ ದೇವಾಂಬೆಯ ತೊಟ್ಟಿಲು ಎಂಬ ಕರುಣಾರಸಭರಿತ..."

ಯಾಕೆ ನಗ್ತೀರಿ?

ಹೌದಲ್ಲ. ಚಾಮರಾಜನಗರದ ಆಟ ನೀವು ನೋಡಿದ್ದೀರಿ. ಒಂಬತ್ತು ದಿನಕ್ಕೆ ಟೆಂಟು ಕಿತ್ತದ್ದು ನಿಮಗೆ ಗೊತ್ತು. ಬೆಂಚಿನ ಮೇಲೆ ನಾಯಿ ಮಲಗಿದ್ದವು ಅಂತ ನೀವೇ ಅಲ್ವಾ ಅಂದದ್ದು, "ನಾಯಿಗೂ ನಿದ್ದೆ ಬಂದ್ಬುಡ್ತು ಕಣಪ್ಪ" ಅಂತ? ನಗಿ ಭಾವ. ನಕ್ಕರೆ ಏನೂ ತಪ್ಪಿಲ್ಲ. ಆದರೆ ಗುಂಡ್ಲುಪೇಟೆಯವರಿಗೆ ಅದು ಗೊತ್ತಿಲ್ಲ. ಚಾಮರಾಜನಗರದವರು ಆರು ವಾರ ನೋಡಿದ್ದಾರೆ ಅಂದರೆ ನಾವೂ ನೋಡಬೇಕು ಅಂತ ಬಂದರು. ಮೊದಲ ದಿನ ಅರ್ಧ ಟೆಂಟು. ಅಷ್ಟು ಜನ ಬಂದದ್ದು ಒಂದು ವಾಕ್ಯಕ್ಕೆ! ಇಪ್ಪತ್ತೆರಡು ವರ್ಷ ಪಾಠ ಹೇಳಿದ್ದೀನಿ, ನನ್ನ ಒಂದು ವಾಕ್ಯಕ್ಕೆ ಒಬ್ಬರು ಎದ್ದು ಬಂದದ್ದು ನಾನು ಕಂಡಿರಲಿಲ್ಲ.

ಆಮೇಲೆ ಒಂದೊಂದೇ ಕಲಿತೆ. "ಇಂದೇ ಕಡೆಯ ಆಟ" ಅಂತ ಬರೆದರೆ ಆ ದಿನ ತುಂಬುತ್ತೆ. ನಾಲ್ಕು ಸಲ ಕಡೆಯ ಆಟ ಬರೆದೆ. "ಎದೆ ಗಟ್ಟಿ ಇಲ್ಲದವರು, ಬಸುರಿಯರು ದಯವಿಟ್ಟು ಬರಬಾರದು" ಅಂತ ಬರೆದೆ, ಬೇಗೂರಿನಿಂದ ಗಾಡಿ ಕಟ್ಟಿಕೊಂಡು ಬಂದರು. ಎತ್ತಿನ ಗಾಡಿಯ ಎರಡೂ ಕಡೆ ಬಿದಿರು ತಟ್ಟಿ, ಅದರ ಮೇಲೆ ತಾಯಿ ಮಗು ಚಿತ್ರ, ಹಿಂದೆ ತಮಟೆ, ತಗಡಿನ ಕೊಳವೆಯಲ್ಲಿ ಒಬ್ಬ ಕೂಗಿಕೊಂಡು ಹೋಗೋನು. ಅವನು ಏನು ಕೂಗಬೇಕು ಅಂತ ನಾನು ಬರೆದುಕೊಡ್ತಿದ್ದೆ. ಎಲ್ಲಿ ಉಸಿರು ತಗೋಬೇಕು ಅಂತ ಗೆರೆ ಹಾಕಿ ಕೊಡ್ತಿದ್ದೆ.

ಗಂಗಾಂಬಿಕೆ ಕೇಳಿಸ್ಕೊಳ್ತಿದ್ದಳು, ಒಳಗಿನಿಂದ. ಗಾಡಿ ನಮ್ಮ ಬೀದಿಗೆ ಬಂದಾಗ ಒಂದು ದಿನ ಒಲೆ ಮುಂದೆ ಕೂತು, "ಚೆಂದಾಗಿ ಕೂಗ್ತಾನೆ" ಅಂದಳು. ನಾನು ಬರೆದದ್ದು ಅಂತ ಹೇಳಿದೆ. "ಹೌದಾ?" ಅಂತ ನನ್ನ ಮುಖ ನೋಡಿದಳು. ಎಷ್ಟೋ ದಿನದ ಮೇಲೆ ನೋಡಿದಳು ಭಾವ.

ಸಂಬಳಕ್ಕಲ್ಲ. ಅವರು ಕೊಡೋಕೆ ಬಂದರು, ನಾನು ಬೇಡ ಅಂದೆ. ಅದನ್ನು ನೀವು ನಂಬಬೇಕು.

ಆಮೇಲೆ ಆಟವನ್ನ ಎರಡು ಭಾಗ ಮಾಡಿದ್ದು. ಅದೂ ನನ್ನದೇ ಯೋಚನೆ. ಕಥೆ ನಿಮಗೆ ಗೊತ್ತು, ದೇವಾಂಬೆಗೆ ಒಂದೇ ಮಗು, ಗಂಡ ದೇಶಾಂತರ ಹೋಗಿದ್ದಾನೆ, ಮಗುವಿಗೆ ಜ್ವರ ಬರುತ್ತೆ. ಮೊದಲು ಒಂದೇ ದಿನ ಎಲ್ಲಾ ಮುಗೀತಿತ್ತು. ನಾನು ಹೇಳಿದೆ, ಜ್ವರ ಬಂದ ಕಡೆ ನಿಲ್ಲಿಸಿ. ತಾಯಿ ಮಗುವಿನ ಹಣೆ ಮೇಲೆ ಕೈಯಿಟ್ಟು ಬಾಗಿಲ ಕಡೆ ನೋಡಲಿ, ಪರದೆ ಬಿಡಿ. ಮಾರನೇ ದಿನ ಗಾಡಿ ಊರೆಲ್ಲಾ ತಿರುಗಲಿ, "ಮಗು ಉಳಿಯಿತೇ? ಇಂದು ನೋಡಿರಿ!" ಅಂತ.

ಊರಿಗೆ ಊರೇ ಅದೇ ಮಾತು ಭಾವ. ಬಾವಿ ಕಟ್ಟೆಯಲ್ಲಿ, ಗಿರಣಿಯಲ್ಲಿ... "ಉಳೀತದೆ ಕಣಕ್ಕ, ಅಪ್ಪ ಬಂದ್ಬುಡ್ತಾನೆ." "ಬರೋಗಂಟ ಇದ್ರೆ ತಾನೆ?" ಸ್ಕೂಲಿನ ಹತ್ತಿರ ಕಡಲೆಕಾಯಿ ಮಾರೋ ಈರಮ್ಮ ಇದ್ದಾಳಲ್ಲ, ಆ ಮಗುವಿಗೆ ಗೋಪಾಲಸ್ವಾಮಿ ಬೆಟ್ಟಕ್ಕೆ ಹರಕೆ ಕಟ್ಟಿದಳು. ನಾಟಕದ ಮಗುವಿಗೆ! ಅದು ಮಗುವೂ ಅಲ್ಲ, ಬಟ್ಟೆ ಸುತ್ತಿದ ದಿಂಬು. ನನ್ನನ್ನ ಅಡ್ಡಗಟ್ಟಿ ಕೇಳಿದಳು, "ಮೇಷ್ಟ್ರೇ, ನಿಮ್ಗಾರ ಗೊತ್ತಿರ್ತದೆ, ಉಳೀತದಾ?" ಅಂತ. ಕಣ್ಣಲ್ಲಿ ನೀರು. ನಾನು ಹೇಳಿದೆ, "ಸಾಯಂಕಾಲ ಬಂದು ನೋಡಮ್ಮ" ಅಂತ.

ಹಾಗೆ ಹೇಳಬಾರದಿತ್ತು, ನಿಜ. ಆದರೆ ಹೇಳುವಾಗ ನನಗೇನೂ ಅನ್ನಿಸಲಿಲ್ಲ. ಅದನ್ನೂ ಹೇಳಿಬಿಡ್ತೀನಿ. ಹದಿನೈದು ತಿಂಗಳಿಂದ ನನಗೆ ಏನೂ ಅನ್ನಿಸ್ತಿರಲಿಲ್ಲ. ನೀಲ ಹೋದ ದಿನ ಗುಣಿಯ ಹತ್ತಿರ ನಾನು ಅಳಲಿಲ್ಲ ಅಂತ ನಿಮ್ಮ ಊರಿನವರು ಮಾತಾಡಿಕೊಂಡರಂತೆ. ಮೂರೂವರೆ ವರ್ಷದ ಮಗಳು, ಹೆತ್ತಪ್ಪ ಕಲ್ಲು ಕಂಬದ ಹಾಗೆ ನಿಂತಿದ್ದ ಅಂತ. ಸರಿಯಾಗೇ ನೋಡಿದ್ದಾರೆ.

ಇನ್ನು ಮರಿತಾಯಮ್ಮ. ಕಂಪನಿಯ ಅಡಿಗೆಯವಳು. ಹೆಂಗಸರ ಕಡೆ ಮಧ್ಯದಲ್ಲಿ ಕೂತು ಮೊದಲು ಅಳೋದು ಅವಳ ಕೆಲಸ. ನಿಮಗೆ ಗೊತ್ತಿರಲಿಲ್ವಾ? ಎಲ್ಲಾ ಕಂಪನಿಯಲ್ಲೂ ಒಬ್ಬಳು ಇರ್ತಾಳಂತೆ. ಒಬ್ಬರು ಅತ್ತರೆ ಪಕ್ಕದವರಿಗೂ ಅಳು ಬರುತ್ತೆ, ಅವರಿಂದ ಇನ್ನೊಬ್ಬರಿಗೆ. ಮರಿತಾಯಮ್ಮ ಮೂರ್ಛೆ ಕೂಡ ಹೋಗ್ತಿದ್ದಳು, ವಾರಕ್ಕೆ ಎರಡು ಸಲ. ಮಾರನೇ ದಿನ ನಾನು ಬರೀತಿದ್ದೆ, "ನಿನ್ನೆ ಒಬ್ಬ ತಾಯಿ ಮೂರ್ಛೆ ಹೋದರು!" ಅಂತ. ಸುಳ್ಳಲ್ಲ ಅದು, ಅವಳಿಗೂ ನಾಲ್ಕು ಮಕ್ಕಳಿದ್ದವು. ಬರ್ತಾ ಬರ್ತಾ ಊರವರಿಗೆ ಇದು ತಿಳಿದುಹೋಯ್ತು. ತಿಳಿದ ಮೇಲೆ ಅದನ್ನೂ ನೋಡೋಕೇ ಬರೋರು. "ಇವತ್ತು ಬೀಳ್ತಾಳಾ?" ಅಂತ.

ಆದರೆ ಒಂದು ಕಡೆ ಆಟ ಕೆಡ್ತಿತ್ತು. ಮಗು ಸತ್ತ ಸೀನು. ಸುಂದ್ರಮ್ಮ ಅಂತ ದೇವಾಂಬೆಯ ಪಾರ್ಟು ಮಾಡೋಳು, ಒಳ್ಳೇ ನಟಿ. ಆದರೆ ಮಾತು? "ಹಾ ವಿಧಿಯೇ! ನನ್ನ ಕುಲದೀಪವನ್ನು ನಂದಿಸಿದೆಯಾ! ಈ ಕ್ರೂರ ಲೋಕದಲ್ಲಿ..." ಆ ಹೊತ್ತಿಗೆ ಸರಿಯಾಗಿ ಜನ ಕಡಲೆಕಾಯಿ ಬಿಡಿಸೋರು. ಮರಿತಾಯಮ್ಮ ಒಬ್ಬಳೇ ಅಳೋಳು. ನಾನು ದೊಡ್ಡಮಲ್ಲಪ್ಪನವರಿಗೆ ಹೇಳಿದೆ, ಮಗು ಹೋದಾಗ ತಾಯಿ ಹೀಗೆ ಮಾತಾಡಲ್ಲ ಅಂತ. ಕಾಪಿ ಪುಸ್ತಕದಲ್ಲಿ ತಪ್ಪು ಕಂಡ ಹಾಗೆ ಹೇಳಿದೆ, ಅಷ್ಟೇ.

ಆಮೇಲೆ... ಹೇಗೋ ಆ ಮಾತು ಬಂತು.

ಹೇಗೋ ಅಂದರೆ, ಕಂಪನಿಯವರು ಎಲ್ಲಿಂದಲೋ ಕೇಳಿಕೊಂಡು ಬಂದು ಸೇರಿಸಿದರು. ಅದನ್ನೇ ಹೇಳೋಕೆ ಬಂದದ್ದು. ನಮ್ಮ ಮನೆಗೂ ಸೋಮಮ್ಮನ ಮನೆಗೂ ನಡುವೆ ಒಂದೇ ಗೋಡೆ ಭಾವ, ಮಣ್ಣಿನ ಗೋಡೆ. ಮೇಲೆ ಹೆಂಚಿಗೂ ಗೋಡೆಗೂ ಒಂದು ಗೇಣು ಸಂದು. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ನಾವು ಸೀನ್ತೀವಿ. ನೀಲ ಹೋದ ಬೆಳಗ್ಗೆ ಗಂಗಾಂಬಿಕೆ ಅಂದದ್ದು ಆ ಕಡೆ ಕೇಳಿಸಿರಬೇಕು. ಸೋಮಮ್ಮ ಬಾಯಿ ಕಟ್ಟಿಕೊಂಡಿರೋ ಹೆಂಗಸಲ್ಲ. ಮರಿತಾಯಮ್ಮನೂ ಅವರೂ ಒಂದೇ ಬಾವಿಗೆ ನೀರಿಗೆ ಬರ್ತಿದ್ದರು. ಅಲ್ಲಿ ಆಡಿರಬೇಕು. ಮರಿತಾಯಮ್ಮ ಹೋಗಿ ಮಾಲೀಕರಿಗೆ ಹೇಳಿರಬೇಕು. ಹಾಗೇ ಆಗಿರಬೇಕು. ಬೇರೆ ಹೇಗಾಗುತ್ತೆ?

ಏನು?

ಏನೂ ಇಲ್ವಾ... ನೀವು ಏನೋ ಅಂದ ಹಾಗಾಯ್ತು.

ಆ ಮಾತು ನಿಮಗೆ ಪೂರ್ತಿ ಗೊತ್ತಾ? ಗಂಗಾಂಬಿಕೆ ನಿಮಗೆ ಹೇಳಿರಲಿಕ್ಕಿಲ್ಲ. ನೀಲಳಿಗೆ ನಾಲ್ಕು ದಿನದಿಂದ ಜ್ವರ. ಹೋಗೋ ಹಿಂದಿನ ದಿನ ಮಗು ಹಾಸಿಗೆ ಒದ್ದೆ ಮಾಡಿಕೊಂಡಿತ್ತು, ಎರಡು ಸಲ. ಚಳಿಗಾಲ, ಒಣಗಿದ ಹಾಸಿಗೆ ಇರಲಿಲ್ಲ. ಇವಳಿಗೂ ಮೂರು ದಿನದಿಂದ ನಿದ್ದೆ ಇಲ್ಲ. ಒಂದೇಟು ಹಾಕಿದಳು. ತೊಡೆ ಮೇಲೆ, ಮೆಲ್ಲಗೆ. ಎಲ್ಲ ತಾಯಂದಿರೂ ಹಾಕೋ ಏಟೇ. ಬೆಳಗ್ಗೆ ಮಗು ಹೋಯ್ತು. ಆಗ ಅವಳು ಅಂದದ್ದು...

"ಹಾಸ್ಗೆ ನೆನೆಸ್ಕಂಡ್ರೂ ಹೊಡಿಯಕಿಲ್ಲ ಕಣಮ್ಮಿ. ಎದ್ದೇಳು. ಕಾಲ ಒಳಕ್ಕೆ ಎಳ್ಕೊ, ತಣ್ಣಗಾಗವೆ."

ಅಷ್ಟೇ. ಆಮೇಲೆ ಅವಳು ಮಾತೇ ಆಡಲಿಲ್ಲ. ನೀವೆಲ್ಲ ಬಂದಾಗಲೂ ಇಲ್ಲ. ನಾವಿಬ್ಬರೂ ಆ ಮಾತು ಮತ್ತೆ ಎತ್ತಲಿಲ್ಲ. ಮಗುವಿನ ಹೆಸರನ್ನೂ ಎತ್ತಲಿಲ್ಲ. ನಮ್ಮ ಮನೇಲಿ 'ನೀಲಿ ಸೀರೆ' ಅಂತ ಕೂಡ ಯಾರೂ ಅಂತಿರಲಿಲ್ಲ ಭಾವ.

ಸುಂದ್ರಮ್ಮ ಅದನ್ನ ಮೊದಲ ಸಲ ಹೇಳಿದ ದಿನ ಟೆಂಟಿನಲ್ಲಿ ಕಡಲೆಕಾಯಿ ಸದ್ದು ನಿಂತುಹೋಯ್ತು. ಮರಿತಾಯಮ್ಮ ಅಳೋದನ್ನೇ ಮರೆತಳು. ಆಮೇಲೆ ಗಂಡಸರ ಕಡೆಯಿಂದ ಯಾರೋ ಬಿಕ್ಕಿದರು. ಗಂಡಸರ ಕಡೆಯಿಂದ! ದೊಡ್ಡಮಲ್ಲಪ್ಪ ನನ್ನ ಕೈ ಹಿಡಿದುಕೊಂಡು, "ಇದನ್ನ ಕರಪತ್ರಕ್ಕೆ ಹಾಕಿ ಮೇಷ್ಟ್ರೇ" ಅಂದರು. ಬೇಡ ಅಂದೆ. ಮಾತನ್ನ ಹಾಕಬೇಡಿ, ಮಾತಿದೆ ಅಂತ ಮಾತ್ರ ಹಾಕಿ ಅಂದೆ. ಹೀಗೆ ಬರೆದೆ: "ಆ ತಾಯಿ ಆಡುವ ಆ ಒಂದು ಮಾತು! ಕೇಳಿದ ಯಾವ ತಾಯಿಯೂ ಮನೆಗೆ ಹೋಗಿ ಮಗುವನ್ನು ಹೊಡೆದಿಲ್ಲ!"

ಹಳದಿ ಕಾಗದ. ಒಂದು ಸಾವಿರ. ಚಾಮರಾಜನಗರದ ಪ್ರೆಸ್ಸಿನಲ್ಲಿ ಹೊಡೆಸಿದ್ದು. ಹರದನಹಳ್ಳಿ ತನಕ ಹಂಚಿದರಂತೆ, ನಿಮಗೂ ಒಂದು ಬಂದಿರಬೇಕು.

ಅದಾದ ಮೇಲೆ ಹೆಂಗಸರು ಕೇಳಿಕಳಿಸಿದರು, ನಾವು ಸಾಯಂಕಾಲ ಮನೆ ಬಿಟ್ಟು ಬರೋದು ಹೇಗೆ ಅಂತ. ಆಗ ಬರೆದೆ: "ಹೆಂಗಸರಿಗಾಗಿ ಹಗಲು ಆಟ. ತಾ. ೧೩-೨-೫೫ನೇ ಭಾನುವಾರ ಮಧ್ಯಾಹ್ನ ಎರಡೂವರೆಗೆ. ಎರಡು ಭಾಗವೂ ಒಂದೇ ಆಟದಲ್ಲಿ. ಗಂಡಸರಿಗೆ ಪ್ರವೇಶವಿಲ್ಲ." ಅದೂ ನಾನೇ.

ಅವಳು ಬರ್ತಾಳೆ ಅಂತ ಅನ್ನಿಸಲೇ ಇಲ್ಲ. ಓದೋಕೆ ಬರಲ್ಲ, ಎಲ್ಲೂ ಹೋಗಲ್ಲ... ಗಾಡಿ ಕೂಗು ಅವಳಿಗೂ ಕೇಳಿಸ್ತಿತ್ತು ಅನ್ನೋದು ಯಾಕೋ ನನ್ನ ತಲೆಗೇ ಹೊಳೀಲಿಲ್ಲ. "ಚೆಂದಾಗಿ ಕೂಗ್ತಾನೆ" ಅಂದಿದ್ದಳು. ನಾನು ಬರೆದ ಆಟ ಅಂತ ನೋಡೋಕೆ ಬಂದಳೋ ಏನೋ. ನಾನು ಕೇಳಿಲ್ಲ.

ಟೆಂಟಿನೊಳಗೆ ಒಲೆಯ ಹಾಗೆ ಕಾದಿತ್ತು ಅವತ್ತು. ಕಾಲಿಡೋಕೆ ಜಾಗ ಇರಲಿಲ್ಲ. ಒಳಗೆ ಇದ್ದ ಗಂಡಸರು ಅಂದರೆ ಪಾರ್ಟುದಾರರು, ಹಾರ್ಮೋನಿಯಂ, ತಬಲ, ಮಾಲೀಕರು, ನಾನು. ನಾನು ರಂಗದ ಪಕ್ಕದ ಪರದೆ ಹಿಂದೆ ನಿಂತಿದ್ದೆ. ಆ ಸೀನಿಗೆ ಪ್ರತಿ ಸಲ ಅಲ್ಲೇ ನಿಲ್ತಿದ್ದೆ. ಅದು ಆ ಮಾತಿನ ಹನ್ನೊಂದನೇ ಆಟ.

ಸುಂದ್ರಮ್ಮ ಹೇಳಿದಳು. "ಹಾಸ್ಗೆ ನೆನೆಸ್ಕಂಡ್ರೂ ಹೊಡಿಯಕಿಲ್ಲ ಕಣಮ್ಮಿ..." ಎಲ್ಲಾ ಸದ್ದು ನಿಂತಿತು. ಆಗ ಮೂರನೇ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ಹೊರಗಿನ ಬಿಸಿಲಿಗೆ ಟೆಂಟಿನ ಬಟ್ಟೆ ಕೆಂಪಗೆ ಕಾಣ್ತಿತ್ತು, ಮುಖ ಕಾಣ್ತಿರಲಿಲ್ಲ. ಧ್ವನಿ ಕೇಳಿಸಿತು.

"ಅದು ನನ್ ಮಾತು ಕಣ್ರವ್ವ. ನಂದು."

ಜೋರಾಗಿ ಅಲ್ಲ. ತಮ್ಮ ಕೊಡ ಯಾರೋ ಎತ್ತಿಕೊಂಡು ಹೋದರೆ ಬಾವಿ ಹತ್ತಿರ ಹೇಳ್ತಾರಲ್ಲ, ಹಾಗೆ.

ಹಿಂದಿನಿಂದ ಯಾರೋ ಅಂದರು, "ಇವಳ್ಯಾರು, ಹೊಸಬ್ಳು?" ಇನ್ನೊಬ್ಬರು, "ಮರಿತಾಯಿಗಿಂತ ಚೆಂದಾಗಿ ಮಾಡ್ತಾಳೆ ಬುಡು." ಚಪ್ಪಾಳೆ ತಟ್ಟಿದರು. ಮೊದಲು ನಾಲ್ಕೈದು ಜನ, ಆಮೇಲೆ ಎಲ್ಲಾ. ಕಂಪನಿಯವರು ಕೂರಿಸಿದ ಹೆಂಗಸು ಅಂದುಕೊಂಡರು. ಯಾಕೆ ಅಂದುಕೊಳ್ಳಬಾರದು? ಹಾಗಂತ ನಾವೇ ಕಲಿಸಿದ್ದೆವು. ಆಮೇಲೆ "ಒನ್ಸ್ ಮೋರ್" ಅಂತ ಶುರುವಾಯ್ತು. ಹಾಡಿಗೆ ಕೇಳ್ತಾರಲ್ಲ, ಅವತ್ತು ಮಾತಿಗೆ ಕೇಳಿದರು. ಸುಂದ್ರಮ್ಮನಿಗೆ ಏನು ಗೊತ್ತು? ಪಾರ್ಟುದಾರರಿಗೆ ಒನ್ಸ್ ಮೋರ್ ಅಂದರೆ ಮಾಡಲೇಬೇಕು. ದಿಂಬನ್ನ ಮತ್ತೆ ಎದೆಗೆ ಒತ್ತಿಕೊಂಡು ಇನ್ನೊಂದು ಸಲ ಹೇಳಿದಳು. ಮೊದಲಿಗಿಂತ ಚೆನ್ನಾಗಿ.

ಗಂಗಾಂಬಿಕೆ ನಿಂತೇ ಇದ್ದಳು. ಮೂರು ಸಲ ಆಯ್ತು.

ನಾನಾ? ನಾನು ಪರದೆ ಹಿಂದೆ ಇದ್ದೆ ಅಂದೆನಲ್ಲ. ಹೆಚ್ಚೆಂದರೆ ನಾಲ್ಕು ಮಾರು ದೂರ. ಇಳಿದು ಹೋಗಬಹುದಿತ್ತು. ಹೆಂಗಸರ ಆಟ, ಗಂಡಸರಿಗೆ ಪ್ರವೇಶವಿಲ್ಲ ಅಂತ ಬರೆದವನು ನಾನು. ಆ ಹೊತ್ತಿಗೆ ನನ್ನ ತಲೆಗೆ ಬಂದದ್ದು ಅದು. ನಗಬೇಡಿ... ಇಲ್ಲ, ನೀವು ನಗ್ತಿಲ್ಲ.

ಸೋಮಮ್ಮ ಅವಳ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದರು. ಮನೆಗೆ ಬರಲಿಲ್ಲ ಅವಳು. ಉಟ್ಟ ಸೀರೆಯಲ್ಲೇ ನಾಲ್ಕೂವರೆ ಬಸ್ಸು ಹತ್ತಿದಳು. ಉಳಿದದ್ದು ನಿಮಗೆ ಗೊತ್ತು. ಕಂಪನಿ ಆ ಗುರುವಾರ ಟೆಂಟು ಕಿತ್ತು ನಂಜನಗೂಡು ಕಡೆ ಹೋಯ್ತು. ನಾನು ಆಮೇಲೆ ಒಂದು ಸಾಲೂ ಬರೆದುಕೊಟ್ಟಿಲ್ಲ.

ಇದು ಭಾವ. ಇದೇ ನಡೆದದ್ದು. ಒಳಗೆ ಹೋಗಿ ಅವಳಿಗೆ ಹೇಳಿ. ಕಂಪನಿಯವರ ತಪ್ಪು, ಅವರು ಎಲ್ಲಿಂದಲೋ ಕದ್ದರು, ಸೋಮಮ್ಮ ಬಾಯಿ ತಪ್ಪಿ ಆಡಿರಬೇಕು, ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ ಅಂತ... ಅವಳು ನಿಮ್ಮ ಮಾತು ನಂಬ್ತಾಳೆ. ಅಣ್ಣ ಅಂದರೆ ಅವಳಿಗೆ... ಹೇಳ್ತೀರಲ್ಲ?

ಭಾವ?

ಯಾಕೆ ಹಾಗೆ ನೋಡ್ತೀರಿ? ಬೇಕಾದರೆ ಬೈಯಿರಿ. ನಿಮಗೆ ಆ ಹಕ್ಕಿದೆ. ನಮ್ಮ ಮನೆಯ ಮಾತನ್ನ ಸಂತೆಗೆ ಹಾಕಿದಿರಿ ಅಂತ ಅನ್ನಿ... ಏನಾದರೂ ಅನ್ನಿ. ಸೋಮಮ್ಮನ್ನ ಕರೆಸಿ ಕೇಳಬೇಕಾ? ಕೇಳೋಣ. ಆ ಗೋಡೆ ನೀವು ನೋಡಿದ್ದೀರಿ, ಸಂದು ನೋಡಿದ್ದೀರಿ. ಅವತ್ತು ಬೆಳಗ್ಗೆ ಸೋಮಮ್ಮ ಆ ಕಡೆ...

ಅವತ್ತು ಬೆಳಗ್ಗೆ ಸೋಮಮ್ಮ...

ಓ.

ಬಸ್ಸು.

ಅವತ್ತು ಮಧ್ಯಾಹ್ನ ನೀವು ಬಂದ ಬಸ್ಸು. ತೆರಕಣಾಂಬಿಯಲ್ಲಿ ಸೋಮಮ್ಮ ಹತ್ತಿದರು. ಮಗಳ ಬಾಣಂತನಕ್ಕೆ ಹೋಗಿದ್ದವರು, ಎರಡು ತಿಂಗಳಾಗಿತ್ತು ಹೋಗಿ. ನಿಮ್ಮ ಪಕ್ಕದಲ್ಲೇ ಕೂತರು. ನೀಲ ಹೋದಳು ಅಂತ ಅವರಿಗೆ ಹೇಳಿದ್ದೇ ನೀವು. ನಮ್ಮ ಬಾಗಿಲಿಗೆ ನೀವಿಬ್ಬರೂ ಒಟ್ಟಿಗೆ ಬಂದಿರಿ, ಅವರು ಮನೆಯ ಬೀಗ ಕೂಡ ತೆಗೆದಿರಲಿಲ್ಲ. ನೋಡಿದ್ದೀನಿ ನಾನು. ಬಾಗಿಲಲ್ಲಿ ನಿಂತಿದ್ದವನು ನಾನೇ.

ಅಂದರೆ ನಾನು ಅವರ ಹೆಸರು ಎತ್ತಿದಾಗಿನಿಂದ ನಿಮಗೆ ಗೊತ್ತು. ಇಷ್ಟು ಹೊತ್ತೂ ಕೂತು ಕೇಳಿದಿರಿ.

ಗಂಗಾಂಬಿಕೆಗೂ ಗೊತ್ತು. ಅವತ್ತು ಟೆಂಟಿನಲ್ಲಿ ಎದ್ದು ನಿಂತಾಗಲೇ ಗೊತ್ತು. ನೀಲ ಹೋದ ಬೆಳಗ್ಗೆ ಆ ಕೋಣೆಯಲ್ಲಿ ನಾನಲ್ಲದೆ ಇನ್ಯಾರಿದ್ದರು? ಗೊತ್ತಿಲ್ಲದೆ ಕೇಳಿಕಳಿಸಿದ್ದಲ್ಲ ಅವಳು. ನಾನು ಹೇಳ್ತೀನಾ ಅಂತ ನೋಡೋಕೆ.

ಹೇಳ್ತೀನಿ. ಕೇಳಿ.

"ಮತ್ತೆ ತಾಯಿ ಹೆಂಗೆ ಮಾತಾಡ್ತಾಳೆ ಮೇಷ್ಟ್ರೇ?" ಅಂದರು ದೊಡ್ಡಮಲ್ಲಪ್ಪ. ಹೀಗೆ ಅಂತ ಬರೆದುಕೊಟ್ಟೆ. ಯಾರೂ ಕದಿಯಲಿಲ್ಲ. ಸುಂದ್ರಮ್ಮನಿಗೆ ನಾನೇ ಹೇಳಿಕೊಟ್ಟೆ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಧ್ವನಿ ಇಳಿಸಬೇಕು ಅಂತ. 'ಎದ್ದೇಳು' ಅನ್ನೋದನ್ನ ಅಳುತ್ತಾ ಅನ್ನಬಾರದು, ದಿನಾ ಬೆಳಗ್ಗೆ ಎಬ್ಬಿಸೋ ಹಾಗೇ ಅನ್ನಬೇಕು ಅಂತ. ಎರಡು ದಿನ ಹೇಳಿಕೊಟ್ಟೆ. ಬಂತು ಅವಳಿಗೆ. ಹನ್ನೊಂದು ಆಟ ಪರದೆ ಹಿಂದೆ ನಿಂತು ಕೇಳಿದೆ. ನಮ್ಮ ಮನೇಲಿ ಅದನ್ನ ಮತ್ತೆ ಕೇಳೋ ಹಾಗಿರಲಿಲ್ಲ.

ನೆನಪಿನಿಂದ ಬರೆದದ್ದಲ್ಲ ಭಾವ. ನೆನಪಾದರೆ ಒಂದು ಪದ ಅತ್ತಿತ್ತ ಆಗುತ್ತೆ. ನನ್ನ ದಿನಚರಿ ಪುಸ್ತಕದಲ್ಲಿ ಇತ್ತು, ಅದನ್ನ ನೋಡಿ ನಕಲು ಮಾಡಿದೆ.

ಕೇಳಿ. ನೀವು ಬಾಯಿ ಬಿಡದೇ ಇದ್ದರೂ ಕೇಳ್ತಿದ್ದೀರಿ, ಅದನ್ನ ಯಾವಾಗ ಬರೆದುಕೊಂಡೆ ಅಂತ.

ಬೆಳಗ್ಗೆ ಆರು ಗಂಟೆಗೆ. ಮಗು ಇನ್ನೂ ಅವಳ ಮಡಿಲಲ್ಲೇ ಇತ್ತು.